ಸಕ್ಕರೆ ಸ್ಕ್ರಬ್‌ಗೆ ಕಿರಾಣಿ ಅಂಗಡಿಯ ಸಾಮಾನು: ಯಾವುದು ಕೊಳ್ಳಬೇಕು, ಯಾವುದು ಬಿಡಬೇಕು

ಮೈ ಉಜ್ಜಿ ಚರ್ಮದ ಮೇಲಿನ ಸತ್ತ ಪದರ ತೆಗೆಯಲು ಮನೆಯಲ್ಲಿ ಮಾಡುವ ಸಕ್ಕರೆ ಸ್ಕ್ರಬ್‌ಗೆ ಬೇಕಾಗುವುದು ಎರಡೇ ಸಾಮಾನು, ಸಕ್ಕರೆ ಮತ್ತು ಎಣ್ಣೆ. ಆದರೂ ಒಬ್ಬರು ಮಾಡಿದ್ದು ಮರಳಿನ ಹಾಗೆ ಚರ್ಮ ಕೆರೆಯುತ್ತದೆ. ಇನ್ನೊಬ್ಬರ ಡಬ್ಬಿಯಲ್ಲಿ ಎಣ್ಣೆ ಮೇಲೆ ತೇಲಿ ಸಕ್ಕರೆ ತಳದಲ್ಲಿ ಕಲ್ಲಾಗಿ ಕೂರುತ್ತದೆ. ಮತ್ತೊಬ್ಬರದು ಹದಿನೈದು ದಿನದಲ್ಲಿ ಹುಳಿ ವಾಸನೆ ಹೊಡೆಯುತ್ತದೆ. ಮೊದಲನೆಯದಕ್ಕೆ ಕಾರಣ ಸಕ್ಕರೆಯ ಕಾಳು, ಎರಡನೆಯದಕ್ಕೆ ಅಳತೆ, ಮೂರನೆಯದಕ್ಕೆ ನೀರು. ಯಾವ ಎಣ್ಣೆ ಒಳ್ಳೆಯದು ಎಂಬ ಚರ್ಚೆ ಎಲ್ಲ ಕಡೆ ನಡೆಯುತ್ತದೆ, ಸಕ್ಕರೆಯನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ. ಉಜ್ಜುವ ಕೆಲಸ ಮಾಡುವುದು ಸಕ್ಕರೆ. ಹಾಗಾಗಿ ಈ ವಿಮರ್ಶೆ ಅದರಿಂದಲೇ ಶುರು.

ಸಕ್ಕರೆ

ಕಾರ್ಖಾನೆಯಿಂದ ಬರುವ ಸಕ್ಕರೆ ಚೀಲದ ಮೇಲೆ ಎಂ-30, ಎಸ್-30 ಎಂದು ಬರೆದಿರುತ್ತದೆ. ಅಕ್ಷರ ಕಾಳಿನ ಗಾತ್ರಕ್ಕೆ, ಸಂಖ್ಯೆ ಬಣ್ಣಕ್ಕೆ. ಎಲ್ ದೊಡ್ಡ ಕಾಳು, ಎಂ ಮಧ್ಯಮ, ಎಸ್ ಸಣ್ಣದು. ಬಿಡಿಯಾಗಿ ಕೊಳ್ಳುವಾಗ ಅಂಗಡಿಯವರಿಗೆ ಗ್ರೇಡ್ ಹೇಳಬೇಕಿಲ್ಲ, 'ಸಣ್ಣ ಸಕ್ಕರೆ ಕೊಡಿ' ಎಂದರೆ ಸಾಕು. ಪ್ಯಾಕೆಟ್ಟಿನದಾದರೆ ಬೆಳಕಿಗೆ ಹಿಡಿದು ನೋಡಿ. ಕಾಳಿನ ಮೂಲೆಗಳು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾಗಿ ಕಂಡರೆ ಅದು ದಪ್ಪ ಸಕ್ಕರೆ.

ದಪ್ಪ ಸಕ್ಕರೆಯನ್ನು ಹಾಗೇ ಬಳಸಿದರೆ ಮೊಣಕೈ ಮತ್ತು ಹಿಮ್ಮಡಿಗೆ ಪರವಾಗಿಲ್ಲ. ತೋಳು, ತೊಡೆ, ಹೊಟ್ಟೆಯ ಚರ್ಮಕ್ಕೆ ಅದು ಅತಿಯಾಯಿತು. ಗಾತ್ರದ ಲೆಕ್ಕ ರವೆಯಿಂದ ಹಿಡಿದರೆ ಸುಲಭ. ಮೈಗೆ ಬೇಕಾದದ್ದು ಚಿರೋಟಿ ರವೆಗಿಂತ ತುಸು ದಪ್ಪ, ಉಪ್ಪಿಟ್ಟಿನ ರವೆಗಿಂತ ಸಣ್ಣ. ಬನ್ಸಿ ರವೆಯ ಗಾತ್ರದ ಕಾಳು ಪಾದಕ್ಕೆ ಮಾತ್ರ.

ಬೇಕರಿ ಸಾಮಾನಿನ ಅಂಗಡಿಯಲ್ಲಿ ಸಿಗುವ ಕ್ಯಾಸ್ಟರ್ ಶುಗರ್ ಸರಿಯಾಗಿ ಈ ಹದದಲ್ಲೇ ಇರುತ್ತದೆ, ಕಾಳೂ ಸಮ. ಸ್ಕ್ರಬ್‌ಗೆ ಇದಕ್ಕಿಂತ ಒಳ್ಳೆಯ ಸಕ್ಕರೆ ಇಲ್ಲ. ಆದರೆ ಬೆಲೆ ಜಾಸ್ತಿ, ಮತ್ತು ಅದೇ ಹದವನ್ನು ಮಿಕ್ಸಿಯಲ್ಲಿ ತರಲು ಬರುತ್ತದೆ. 100 ಗ್ರಾಂ ಸಕ್ಕರೆಯನ್ನು ಒಣಗಿದ ಸಣ್ಣ ಜಾರಿಗೆ ಹಾಕಿ ಪಲ್ಸ್ ಕಡೆಗೆ ತಿರುಗಿಸಿ, ಒಂದು ಸೆಕೆಂಡು ಬಿಟ್ಟು ನಿಲ್ಲಿಸಿ, ಜಾರ್ ಅಲ್ಲಾಡಿಸಿ, ಹೀಗೆ ಮೂರು ಸಲ. ನಾಲ್ಕನೆಯದು ಬೇಡ. ಒಂದೇ ಸಮನೆ ಓಡಿಸಿದರೆ ತಳದ ಸಕ್ಕರೆ ಪುಡಿಯಾಗುತ್ತದೆ, ಮೇಲಿನದು ಹಾಗೇ ಉಳಿಯುತ್ತದೆ. ಆ ಪುಡಿ ಎಣ್ಣೆ ಕುಡಿದು ಹಿಟ್ಟಿನ ಉಂಡೆಯಾಗುತ್ತದೆ, ನೀರು ತಾಗಿದೊಡನೆ ಕರಗಿಹೋಗುತ್ತದೆ, ಉಜ್ಜಲು ಏನೂ ಉಳಿಯುವುದಿಲ್ಲ. ಆಮೇಲೆ ಎರಡು ಜರಡಿ ಹಿಡಿಯಿರಿ. ಹಿಟ್ಟಿನ ಜರಡಿಯಲ್ಲಿ ಕೆಳಗೆ ಬಿದ್ದ ಪುಡಿಯನ್ನು ಕಾಫಿಗೆ ಇಟ್ಟುಕೊಳ್ಳಿ. ಮೇಲೆ ಉಳಿದದ್ದನ್ನು ರವೆ ಜರಡಿಗೆ ಹಾಕಿ, ಕೆಳಗೆ ಬಿದ್ದದ್ದೇ ಮೈಗೆ, ಮೇಲೆ ನಿಂತದ್ದು ಪಾದಕ್ಕೆ. ಎರಡು ನಿಮಿಷದ ಈ ಕೆಲಸ ಬಿಟ್ಟವರ ಸ್ಕ್ರಬ್ ಯಾವತ್ತೂ ಒಂದೇ ಥರ ಬರುವುದಿಲ್ಲ.

ಮಿಕ್ಸಿಯಿಂದ ಆಗಷ್ಟೇ ತೆಗೆದ ಸಕ್ಕರೆಯ ಒಡೆದ ಅಂಚು ಚೂಪಾಗಿರುತ್ತದೆ ಎಂಬ ಆಕ್ಷೇಪ ಸರಿಯೇ. ಅದಕ್ಕೆ ಪರಿಹಾರ ಸಕ್ಕರೆಯ ಸ್ವಭಾವದಲ್ಲೇ ಇದೆ. ಸಕ್ಕರೆ ತನ್ನ ಅರ್ಧದಷ್ಟು ತೂಕದ ನೀರಿನಲ್ಲಿ ಕರಗುವ ವಸ್ತು. ಒದ್ದೆ ಚರ್ಮಕ್ಕೆ ತಾಗಿದ ಕ್ಷಣದಿಂದ ಅಂಚು ಸವೆಯತೊಡಗುತ್ತದೆ, ನಿಮಿಷದೊಳಗೆ ಕಾಳು ಗುಂಡಾಗುತ್ತದೆ, ಆಮೇಲೆ ಇಲ್ಲವಾಗುತ್ತದೆ. ಎಷ್ಟು ಹೊತ್ತು ಉಜ್ಜಬೇಕು ಎಂಬ ಮಿತಿಯನ್ನು ಸಕ್ಕರೆಯೇ ಹಾಕುತ್ತದೆ. ಪುಡಿ ಮಾಡಿದ ಅಕ್ರೋಟ್ ಚಿಪ್ಪಿಗಾಗಲಿ ಕಾಫಿ ಚರಟಕ್ಕಾಗಲಿ ಈ ಗುಣ ಇಲ್ಲ. ಉಜ್ಜಿದಷ್ಟೂ ಅವು ಹಾಗೇ ಇರುತ್ತವೆ, ಚರಟ ಬಚ್ಚಲ ಕೊಳವೆಯಲ್ಲೂ ಕೂರುತ್ತದೆ. ಉಪ್ಪು ನೀರಿಗೆ ಕರಗುತ್ತದೆ ನಿಜ, ಆದರೆ ಎಲ್ಲಾದರೂ ಸಣ್ಣ ಗೀರು ಇದ್ದರೆ ಉರಿ ಎಬ್ಬಿಸುತ್ತದೆ.

ಬೇರೆ ಸಕ್ಕರೆಗಳ ಬಗ್ಗೆ ಚುಟುಕಾಗಿ ಹೇಳಿಬಿಡಬಹುದು. ಸೂಪರ್ ಮಾರ್ಕೆಟ್ಟಿನ ಕಂದು ಸಕ್ಕರೆ ಎರಡು ಬಗೆಯದು. ಒತ್ತಿದರೆ ಮುದ್ದೆಯಾಗುವ ತೇವದ ಸಕ್ಕರೆ ಮೈಗೆ ಮೃದು, ಚೆನ್ನಾಗಿದೆ. ಗಲಗಲ ಸದ್ದು ಮಾಡುವ ದೊಡ್ಡ ಹೊಂಬಣ್ಣದ ಕಾಳಿನದು ದಪ್ಪ ಬಿಳಿ ಸಕ್ಕರೆಗಿಂತಲೂ ಗಡುಸು. ಹೆಚ್ಚಿನ ದುಡ್ಡು ಕೊಟ್ಟು ಅದನ್ನು ತರುವುದು ವ್ಯರ್ಥ. ಕಲ್ಲುಸಕ್ಕರೆ ಕುಟ್ಟಿ ಹಾಕಲೇಬೇಡಿ, ಗಾಜಿನ ಚೂರಿನ ಹಾಗೆ ಒಡೆಯುತ್ತದೆ. ಐಸಿಂಗ್ ಶುಗರಿನಲ್ಲಿ ಮೆಕ್ಕೆಜೋಳದ ಗಂಜಿಪುಡಿ ಸೇರಿರುತ್ತದೆ, ಅಂಟಾಗುತ್ತದೆ. ಬೂರಾ, ಅಂದರೆ ಪಾಕ ಕಾಯಿಸಿ ಒಣಗಿಸಿ ಮಾಡಿದ ನುಣ್ಣನೆಯ ಪುಡಿ ಸಕ್ಕರೆ, ತುಟಿಗೆ ಮಾತ್ರ: ಅರ್ಧ ಚಮಚ ಬೂರಾಕ್ಕೆ ನಾಲ್ಕು ಹನಿ ತುಪ್ಪ, ಬೆರಳ ತುದಿಯಲ್ಲಿ ಹತ್ತು ಸೆಕೆಂಡು, ಮುಗಿಯಿತು.

ಬೆಲ್ಲದ ಪುಡಿಯ ಬಗ್ಗೆ ಒಂದು ಮಾತು, ಏಕೆಂದರೆ 'ಕೆಮಿಕಲ್ ಇಲ್ಲದ್ದು' ಎಂದು ಅದನ್ನೇ ಹಾಕುವವರು ಬಹಳ. ತಿನ್ನುವುದಕ್ಕೆ ಮಂಡ್ಯದ ಅಚ್ಚು ಬೆಲ್ಲ, ಮಹಾಲಿಂಗಪುರದ ಬೆಲ್ಲ ಯಾವುದಾದರೂ ಸರಿ, ಸ್ಕ್ರಬ್‌ಗೆ ಯಾವುದೂ ಸರಿಯಲ್ಲ. ಬೆಲ್ಲ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಅದರೊಳಗೂ ನೀರಿನಂಶ ಇರುತ್ತದೆ. ಮಳೆಗಾಲದಲ್ಲಿ ಕರಾವಳಿಯ ಮನೆಯಲ್ಲಿ ಬೆಲ್ಲದ ಸ್ಕ್ರಬ್ ಒಂದು ವಾರ ಉಳಿದರೆ ಹೆಚ್ಚು. ಮೈಗೆ ಅಂಟುತ್ತದೆ, ಬಿಳಿ ಟವೆಲಿಗೆ ಕಲೆ ಹಿಡಿಯುತ್ತದೆ. ಆ ಹೊತ್ತಿಗೆ ಬೇಕಾದಷ್ಟು ಕಲಸಿ ಆಗಲೇ ಮುಗಿಸುವುದಾದರೆ ಮಾತ್ರ ಬಳಸಿ.

ಸಕ್ಕರೆಯಲ್ಲಿ ಗ್ಲೈಕಾಲಿಕ್ ಆಮ್ಲ ಇದೆ, ಅದು ಚರ್ಮ ಸುಲಿದು ಹೊಳಪು ಕೊಡುತ್ತದೆ ಎಂಬ ಮಾತನ್ನೂ ನಂಬಬೇಡಿ. ಕಬ್ಬಿನ ರಸದಲ್ಲಿ ಆ ಆಮ್ಲ ಉಂಟು. ಆದರೆ ಕಾರ್ಖಾನೆಯಲ್ಲಿ ರಸ ಶುದ್ಧಿಯಾಗಿ, ಹರಳುಗಟ್ಟಿ ಬಂದ ಬಿಳಿ ಸಕ್ಕರೆ ಹೆಚ್ಚುಕಡಿಮೆ ಪೂರ್ತಿ ಸುಕ್ರೋಸ್ ಎಂಬ ಸಿಹಿ ಅಂಶವೇ. ಅದು ಮಾಡುವುದು ಉಜ್ಜುವ ಕೆಲಸ ಮಾತ್ರ.

ಎಣ್ಣೆ

ಕೊಬ್ಬರಿ ಎಣ್ಣೆ ಎಲ್ಲರ ಮೊದಲ ಆಯ್ಕೆ. ಕೈಕಾಲಿಗೆ ಅದು ನಿಜಕ್ಕೂ ಒಳ್ಳೆಯದು, ಬೇಗ ಕಮಟುವುದಿಲ್ಲ. ತೊಂದರೆ ಇರುವುದು ಹವಾಮಾನದಲ್ಲಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ಬೆಂಗಳೂರು, ಮಡಿಕೇರಿ, ಚಿಕ್ಕಮಗಳೂರಿನ ಡಿಸೆಂಬರ್ ಬೆಳಿಗ್ಗೆ ಡಬ್ಬಿಯೊಳಗಿನ ಸ್ಕ್ರಬ್ ಇಟ್ಟಿಗೆಯಾಗಿರುತ್ತದೆ, ಚಮಚ ಬಾಗುತ್ತದೆಯೇ ಹೊರತು ಸ್ಕ್ರಬ್ ಬರುವುದಿಲ್ಲ. ಅದೇ ಡಬ್ಬಿ ಏಪ್ರಿಲ್‌ನಲ್ಲಿ ರಾಯಚೂರಲ್ಲೋ ಕಲಬುರಗಿಯಲ್ಲೋ ಇದ್ದರೆ ಎಣ್ಣೆ ನೀರಾಗಿ ಮೇಲೆ ನಿಲ್ಲುತ್ತದೆ. ಚಳಿಗಾಲಕ್ಕೆ ಅರ್ಧ ಕೊಬ್ಬರಿ ಎಣ್ಣೆ, ಅರ್ಧ ಸೂರ್ಯಕಾಂತಿ ಎಣ್ಣೆ ಸೇರಿಸಿ. ಬಿಸಿಲೂರಿನವರು 35 ಗ್ರಾಂ ಎಣ್ಣೆಗೆ 2 ಗ್ರಾಂ ಜೇನುಮೇಣ ಕರಗಿಸಿಕೊಳ್ಳಿ. ಜೇನುಮೇಣ ಕರಗಲು 60 ಡಿಗ್ರಿ ದಾಟಬೇಕು, ಆದ್ದರಿಂದ ಎಣ್ಣೆ ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ, ನೇರ ಉರಿಯ ಮೇಲೆ ಬೇಡ. ಸಕ್ಕರೆ ಹಾಕುವುದು ಎಣ್ಣೆ ಆರಿ, ಬೆಣ್ಣೆಯಂತೆ ಮಬ್ಬಾದ ಮೇಲೆ. ಬಿಸಿಯಿರುವಾಗಲೇ ಹಾಕಿದರೆ ಸಕ್ಕರೆ ತಳಕ್ಕಿಳಿದು ಮೇಣ ಮೇಲೆ ಕೆನೆಗಟ್ಟುತ್ತದೆ.

ನಮ್ಮ ಮೊದಲ ಆಯ್ಕೆ ಮಾತ್ರ ಅಡುಗೆಮನೆಯ ರಿಫೈನ್ಡ್ ಸೂರ್ಯಕಾಂತಿ ಎಣ್ಣೆ. ವಾಸನೆ ಇಲ್ಲ, ಹಗುರ, ಕಡಿಮೆ ಬೆಲೆ, ಯಾವ ಋತುವಿನಲ್ಲೂ ಹೆಪ್ಪುಗಟ್ಟುವುದಿಲ್ಲ. ಕೊಬ್ಬರಿ ಎಣ್ಣೆಗಿಂತ ಬೇಗ ಕಮಟುತ್ತದೆ ಎಂಬುದೊಂದೇ ಕೊರತೆ. ಒಂದು ತಿಂಗಳಲ್ಲಿ ಮುಗಿಯುವಷ್ಟು ಮಾತ್ರ ಮಾಡಿದರೆ ಆ ಕೊರತೆಯೂ ಇಲ್ಲ.

ಎಳ್ಳೆಣ್ಣೆ ದೀಪಾವಳಿಯ ಎಣ್ಣೆನೀರಿನ ಅಭ್ಯಾಸವಿರುವ ಮನೆಗೆ ಹೊಸದೇನಲ್ಲ. ಚಳಿಗೆ ಒಡೆಯುವ ಚರ್ಮಕ್ಕೆ ಹಿತ, ಆದರೆ ಅದರ ವಾಸನೆ ಸ್ನಾನದ ನಂತರವೂ ಉಳಿಯುತ್ತದೆ. ಇಲ್ಲೊಂದು ಎಚ್ಚರಿಕೆ. ಗ್ರಂದಿಗೆ ಅಂಗಡಿಯಲ್ಲಿ ಪೂಜಾ ಸಾಮಾನಿನ ಜೊತೆ ಇಟ್ಟಿರುವ ದೀಪದ ಎಣ್ಣೆ ಕಡಿಮೆ ಬೆಲೆಗೆ ಸಿಗುತ್ತದೆ, ಬಾಟಲಿಯ ಮೇಲೆ ಎಳ್ಳಿನ ಚಿತ್ರವೂ ಇರುತ್ತದೆ. ಅದು ಉರಿಸುವುದಕ್ಕೆ, ಮೈಗಲ್ಲ. ಗಾಣದ ಎಳ್ಳೆಣ್ಣೆ ಅಥವಾ ಅಡುಗೆಯ ಎಳ್ಳೆಣ್ಣೆಯನ್ನೇ ತನ್ನಿ.

ಹರಳೆಣ್ಣೆಯನ್ನು ಒಂಟಿಯಾಗಿ ಹಾಕಿದರೆ ಮೈಯೆಲ್ಲ ಗೋಂದು ಬಳಿದಂತಾಗುತ್ತದೆ. ಆದರೆ ಒಟ್ಟು ಎಣ್ಣೆಯ ಹತ್ತರಲ್ಲೊಂದು ಪಾಲು ಸೇರಿಸಿದರೆ ಮಿಶ್ರಣ ಗಟ್ಟಿಯಾಗಿ ಸಕ್ಕರೆಯನ್ನು ಹಿಡಿದುಕೊಳ್ಳುತ್ತದೆ. ಶೇಂಗಾ ಎಣ್ಣೆಯ ಸ್ಕ್ರಬ್ ಹಚ್ಚಿಕೊಂಡರೆ ಮೈಯಿಂದ ಒಗ್ಗರಣೆಯ ವಾಸನೆ ಬರುತ್ತದೆ, ಶೇಂಗಾ ಅಲರ್ಜಿ ಇರುವವರು ಮುಟ್ಟಲೂ ಬಾರದು. ಬಾದಾಮಿ ಎಣ್ಣೆ ಒಳ್ಳೆಯದೇ, ಆದರೆ ಬಾಟಲಿಯ ಹಿಂಬದಿ ಓದಿ. ಬಾದಾಮಿ ಹೆಸರಿನ ಎಷ್ಟೋ ತಲೆಗೂದಲ ಎಣ್ಣೆಗಳಲ್ಲಿ ಪಟ್ಟಿಯ ಮೊದಲ ಹೆಸರೇ ಮಿನರಲ್ ಆಯಿಲ್ ಅಥವಾ ಲಿಕ್ವಿಡ್ ಪ್ಯಾರಾಫಿನ್, ಅಂದರೆ ಪೆಟ್ರೋಲಿಯಂನಿಂದ ತೆಗೆದ ಎಣ್ಣೆ. ಅದು ಚರ್ಮಕ್ಕೆ ವಿಷವೇನಲ್ಲ, ಆದರೆ ಬಾದಾಮಿಯ ಬೆಲೆ ಕೊಟ್ಟು ಕೊಳ್ಳುವುದಲ್ಲ.

ಅಳತೆ

ಎಲ್ಲ ಕಡೆ ಕಾಣುವ 'ಒಂದು ಕಪ್ ಸಕ್ಕರೆಗೆ ಅರ್ಧ ಕಪ್ ಎಣ್ಣೆ' ಎಂಬ ಲೆಕ್ಕವೇ ಅರ್ಧ ಸಮಸ್ಯೆಗೆ ಮೂಲ. ಸಕ್ಕರೆ ಕಾಳುಗಳ ನಡುವೆ ಸಂದಿ ಇರುತ್ತದೆ. 100 ಗ್ರಾಂ ಸಕ್ಕರೆಯ ಸಂದಿಗಳನ್ನು ಪೂರ್ತಿ ತುಂಬಲು ಹೆಚ್ಚುಕಡಿಮೆ 45ರಿಂದ 50 ಗ್ರಾಂ ಎಣ್ಣೆ ಹಿಡಿಯುತ್ತದೆ. ಅದಕ್ಕಿಂತ ಮೇಲೆ ಹಾಕಿದ ಪ್ರತಿ ಹನಿಯೂ ತೇಲುತ್ತದೆ. ಅರ್ಧ ಕಪ್ ಎಂಬುದು ಆ ಗಡಿಗೂ ಆಚೆ. ಕೈಗೆ ಹಿಡಿದರೆ ಉಂಡೆಯಾಗುವ, ಮೈಮೇಲೆ ಹರಡಿದರೆ ಸುರಿದುಹೋಗದ ಹದಕ್ಕೆ 100 ಗ್ರಾಂ ಸಕ್ಕರೆಗೆ 35 ಗ್ರಾಂ ಎಣ್ಣೆ ಸಾಕು.

ತಕ್ಕಡಿ ಇಲ್ಲದವರಿಗೆ: ಅಳತೆಯ ದೊಡ್ಡ ಚಮಚದಲ್ಲಿ, ಅಂದರೆ 15 ಮಿಲಿಯದರಲ್ಲಿ, ಮಟ್ಟಸವಾಗಿ ಎಂಟು ಚಮಚ ಸಕ್ಕರೆ, ಎರಡೂವರೆ ಚಮಚ ಎಣ್ಣೆ. ಎಣ್ಣೆಯನ್ನು ಒಮ್ಮೆಲೇ ಸುರಿಯಬೇಡಿ. ಎರಡು ಚಮಚ ಹಾಕಿ ಫೋರ್ಕಿನಿಂದ ಕಲಸಿ, ಐದು ನಿಮಿಷ ಬಿಡಿ, ಆಮೇಲೆ ಉಳಿದದ್ದು. ಸಣ್ಣ ಕಾಳು ಎಣ್ಣೆ ಹೆಚ್ಚು ಹಿಡಿಯುತ್ತದೆ, ದಪ್ಪ ಕಾಳು ಬೇಗ ಸೋರುತ್ತದೆ, ಆ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ಚಮಚದಲ್ಲಿ ತೆಗೆದು ಓರೆ ಮಾಡಿದಾಗ ಗುಪ್ಪೆ ಗುಪ್ಪೆಯಾಗಿ ಬಿದ್ದರೆ ಹದ ಸರಿ. ಒಣಗಿದಂತೆ ಉದುರಿದರೆ ಅರ್ಧ ಚಮಚ ಎಣ್ಣೆ, ಗಂಜಿಯಂತೆ ಹರಿದರೆ ಒಂದು ಚಮಚ ಸಕ್ಕರೆ.

ಎರಡು ಕೈ, ಎರಡು ಕಾಲಿಗೆ ಒಂದು ಸಲಕ್ಕೆ 40ರಿಂದ 45 ಗ್ರಾಂ ಬೇಕಾಗುತ್ತದೆ. ಅಂದರೆ ಈ ಅಳತೆ ಮೂರು ಸಲಕ್ಕೆ. ಇಷ್ಟೇ ಮಾಡಿ, ದೊಡ್ಡ ಡಬ್ಬಿ ತುಂಬಬೇಡಿ. 

ಸೇರಿಸಬಾರದ ಸಾಮಾನು

ನಿಂಬೆರಸ, ಮೊಸರು, ಲೋಳೆಸರದ ತಿರುಳು, ಗುಲಾಬಿ ಜಲ, ಹಾಲು, ಇವೆಲ್ಲ ನೀರೇ. ಎಣ್ಣೆ ಸಕ್ಕರೆ ಒಣಗಿರುವವರೆಗೆ ಬೂಷ್ಟಿಗೆ ಅಲ್ಲಿ ಬದುಕಲು ಆಸ್ಪದವಿಲ್ಲ. ಒಂದು ಚಮಚ ಮೊಸರು ಬಿದ್ದರೆ ಊಟ, ನೀರು ಎರಡನ್ನೂ ಕೊಟ್ಟಂತೆ. ದಟ್ಟ ಪಾಕ ಕೆಡುವುದಿಲ್ಲ, ಆದರೆ ತೆಳು ಪಾಕ ಹುಳಿಯುತ್ತದೆ ಎಂಬುದು ಅಡುಗೆ ಮಾಡುವ ಎಲ್ಲರಿಗೂ ಗೊತ್ತು. ಸ್ಕ್ರಬ್ ಡಬ್ಬಿಯೊಳಗೆ ಒದ್ದೆ ಕೈ ಹಾಕಿದಾಗ ಆಗುವುದು ಅದೇ.

ನಿಂಬೆಗೆ ಇನ್ನೊಂದು ದೋಷವಿದೆ. ಅದರ ಸಿಪ್ಪೆಯ ಎಣ್ಣೆಯಲ್ಲಿ ಮತ್ತು ರಸದಲ್ಲಿರುವ ಕೆಲವು ವಸ್ತುಗಳು ಬಿಸಿಲು ಬಿದ್ದಾಗ ಚರ್ಮ ಸುಡುತ್ತವೆ. ಒಂದೆರಡು ದಿನದಲ್ಲಿ ಕೆಂಪಾಗಿ, ಗುಳ್ಳೆ ಎದ್ದು, ಆಮೇಲೆ ವಾರಗಟ್ಟಲೆ ಕಪ್ಪು ಕಲೆ ಉಳಿಯುತ್ತದೆ. ಟ್ಯಾನ್, ಅಂದರೆ ಬಿಸಿಲಿಗೆ ಕಪ್ಪಾದ ಮೈಬಣ್ಣ, ತೆಗೆಯಲು ಹೋಗಿ ಕಲೆ ತಂದುಕೊಳ್ಳುವ ದಾರಿ ಇದು. ಟ್ಯಾನ್ ಯಾವ ಸ್ಕ್ರಬ್‌ನಿಂದಲೂ ಉಜ್ಜಿ ಹೋಗುವಂಥದ್ದಲ್ಲ. ಬಣ್ಣ ತಯಾರಾಗುವುದು ಮೇಲ್ಚರ್ಮದ ತಳದಲ್ಲಿ, ಸಕ್ಕರೆ ತಲುಪುವುದು ಮೇಲಿನ ಸತ್ತ ಪದರಕ್ಕೆ. ಅಡುಗೆ ಸೋಡಾವನ್ನೂ ಬಿಡಿ, ಚರ್ಮ ಸ್ವಲ್ಪ ಆಮ್ಲೀಯ, ಸೋಡಾ ಕ್ಷಾರ.

ವಿಟಮಿನ್ ಇ ಕ್ಯಾಪ್ಸೂಲ್ ಒಂದನ್ನು ಚುಚ್ಚಿ ಹಿಂಡಬಹುದು. ಅದು ಎಣ್ಣೆ ಕಮಟುವುದನ್ನು ನಿಧಾನ ಮಾಡುತ್ತದೆ, ಬೂಷ್ಟನ್ನು ತಡೆಯುವುದಿಲ್ಲ. ಈ ಎರಡನ್ನೂ ಒಂದೇ ಎಂದುಕೊಂಡವರ ಡಬ್ಬಿಯಲ್ಲೇ ಬೂಷ್ಟು ಹೆಚ್ಚು. ಪರಿಮಳ ಬೇಕಿದ್ದರೆ ಈ ಅಳತೆಗೆ ಲ್ಯಾವೆಂಡರ್ ಎಣ್ಣೆ ಹತ್ತು ಹನಿ ಮೀರದಿರಲಿ. ಲವಂಗ, ದಾಲ್ಚಿನ್ನಿ ಎಣ್ಣೆ ಉಜ್ಜಿದ ಚರ್ಮಕ್ಕೆ ಉರಿ, ಒಂದು ಹನಿಯೂ ಬೇಡ.

ಬಳಸುವ ಕ್ರಮ

ಮೊದಲ ಸಲ ಮುಂಗೈ ಒಳಬದಿಗೆ ಸ್ವಲ್ಪ ಉಜ್ಜಿ ತೊಳೆದು, ಒಂದು ದಿನ ಕಾದು ನೋಡಿ.

ಸ್ನಾನಕ್ಕೆ ಹೋಗುವ ಮೊದಲೇ ಬೇಕಾದಷ್ಟನ್ನು ಒಣ ಚಮಚದಲ್ಲಿ ಸಣ್ಣ ಸ್ಟೀಲ್ ಬಟ್ಟಲಿಗೆ ತೆಗೆದುಕೊಳ್ಳಿ. ದೊಡ್ಡ ಡಬ್ಬಿ ಬಚ್ಚಲಮನೆಯ ಹೊಸ್ತಿಲು ದಾಟಬಾರದು. ಇಡೀ ಬರಹದಲ್ಲಿ ಒಂದೇ ಒಂದು ಸೂಚನೆ ಪಾಲಿಸುವುದಾದರೆ ಇದನ್ನು ಪಾಲಿಸಿ. ಗಾಜಿನ ಬಟ್ಟಲು ಬೇಡ, ಎಣ್ಣೆ ಕೈಯಿಂದ ಜಾರುತ್ತದೆ.

ಮೊದಲು ಸೋಪು ಹಚ್ಚಿ ತೊಳೆದು, ಉಗುರು ಬೆಚ್ಚಗಿನ ನೀರಿನಲ್ಲಿ ಮೈ ನೆನೆಯಲಿ. ನೀರು ತೊಟ್ಟಿಕ್ಕುವಷ್ಟು ಒದ್ದೆಯಿದ್ದರೆ ಸಕ್ಕರೆ ಕ್ಷಣದಲ್ಲಿ ಕರಗುತ್ತದೆ, ಪೂರ್ತಿ ಒಣಗಿದ್ದರೆ ಗೀರುತ್ತದೆ. ಕೈಯಿಂದ ಒಮ್ಮೆ ನೀರು ಸವರಿ ತೆಗೆದ ಹದ ಸರಿ. ಅಂಗೈಯಿಂದ ಒತ್ತಬೇಡಿ, ಬೆರಳುಗಳಿಂದ ಸುತ್ತು ಸುತ್ತಾಗಿ, ಒಂದು ಜಾಗಕ್ಕೆ ಅರ್ಧ ನಿಮಿಷ. ಚರ್ಮ ಕೆಂಪಾಗತೊಡಗಿದರೆ ನಿಲ್ಲಿಸಬೇಕಾದ ಸಮಯ ಆಗಲೇ ದಾಟಿದೆ. ನೀರು ಹಾಕಿ ತೊಳೆದ ಮೇಲೆ ಮತ್ತೆ ಸೋಪು ಬೇಡ, ಉಳಿದ ತೆಳು ಎಣ್ಣೆಯೇ ನುಣುಪಿನ ಅರ್ಧ ಪಾಲು. ಜಿಡ್ಡು ಸಹಿಸದವರು ಒಂದು ಚಮಚ ಕಡಲೆಹಿಟ್ಟನ್ನೋ ಸೀಗೆಪುಡಿಯನ್ನೋ ನೀರಲ್ಲಿ ಕಲಸಿ ಸವರಿ ತೊಳೆಯಲಿ. ಟವೆಲಿನಲ್ಲಿ ಉಜ್ಜದೆ ಒತ್ತಿ ಒರೆಸಿ.

ವಾರಕ್ಕೆ ಒಮ್ಮೆ ಸಾಕು. ಚರ್ಮದ ತಳದಲ್ಲಿ ಹುಟ್ಟಿದ ಕೋಶ ಮೇಲೆ ಬಂದು ಉದುರಲು ಸುಮಾರು ನಾಲ್ಕು ವಾರ ಹಿಡಿಯುತ್ತದೆ, ವಯಸ್ಸಾದಂತೆ ಇನ್ನೂ ಹೆಚ್ಚು. ದಿನಾ ಉಜ್ಜಿದರೆ ತೆಗೆಯಲು ಸತ್ತ ಪದರ ಇರುವುದಿಲ್ಲ, ಹೋಗುವುದು ಬೇಕಾದ ಪದರ. ಮೊಣಕೈ ಮೇಲೆ, ತೋಳಿನ ಹಿಂಬದಿ ಕಾಣುವ ಕೋಳಿಚರ್ಮದಂಥ ಗಂಟುಗಳನ್ನು ಜೋರಾಗಿ ಉಜ್ಜಿದರೆ ಕೆಂಪಾಗಿ ಹೆಚ್ಚುತ್ತವೆ. ಅಲ್ಲಿ ಕೈ ಹಗುರ ಇರಲಿ.

ಶೇವ್ ಅಥವಾ ವ್ಯಾಕ್ಸ್ ಮಾಡುವುದಿದ್ದರೆ ಸ್ಕ್ರಬ್ ಅದಕ್ಕಿಂತ ಮೊದಲು. ಮಾಡಿದ ನಂತರ ಎರಡು ದಿನ ಬೇಡ. ಮುಖಕ್ಕೆ ಈ ಸ್ಕ್ರಬ್ ಹಚ್ಚಲೇಬೇಡಿ, ಕಾಳು ಎಷ್ಟೇ ಸಣ್ಣದಿದ್ದರೂ. ಮೊಡವೆ ಇರುವ ಮುಖಕ್ಕೆ ಕೊಬ್ಬರಿ ಎಣ್ಣೆ ರಂಧ್ರ ಕಟ್ಟುತ್ತದೆ, ಉಜ್ಜಿದರೆ ಮೊಡವೆ ಒಡೆಯುತ್ತದೆ. ಇಸುಬು, ಸೋರಿಯಾಸಿಸ್, ಗಾಯ, ಬಿಸಿಲಿಗೆ ಸುಟ್ಟ ಚರ್ಮ ಇದ್ದವರು ದೂರ ಇಡಿ. ಮಧುಮೇಹದಿಂದ ಪಾದದ ಸ್ಪರ್ಶ ಕಡಿಮೆಯಾದವರು ಪಾದಕ್ಕೆ ಹಚ್ಚಬಾರದು. ಗೀರಾದದ್ದು ಅವರಿಗೆ ಗೊತ್ತಾಗುವುದಿಲ್ಲ, ಮಾಯುವುದೂ ನಿಧಾನ. ಹಿಮ್ಮಡಿ ಒಡೆದು ರಕ್ತ ಜಿನುಗುತ್ತಿದ್ದರೆ ಯಾರಿಗೂ ಬೇಡ.

ಬಚ್ಚಲ ನೆಲದ ಮಾತು ಯಾವ ವಿಧಾನದಲ್ಲೂ ಬರೆದಿರುವುದಿಲ್ಲ, ಆದರೆ ದೊಡ್ಡ ಅಪಾಯ ಇರುವುದು ಅಲ್ಲೇ. ಟೈಲ್ಸ್ ಮೇಲೆ ಎಣ್ಣೆ ಬಿದ್ದರೆ ನಂತರ ಸ್ನಾನಕ್ಕೆ ಬರುವ ಅಜ್ಜಿ ತಾತ ಜಾರುತ್ತಾರೆ. ಕೂತುಕೊಂಡೇ ಉಜ್ಜಿಕೊಳ್ಳಿ. ಹೊರಬರುವ ಮೊದಲು ಬಟ್ಟೆ ಸೋಪಿನ ಪುಡಿ ಚೆಲ್ಲಿ, ಪೊರಕೆಯಿಂದ ತಿಕ್ಕಿ, ಬಿಸಿನೀರು ಸುರಿಯಿರಿ. ಸಕ್ಕರೆ ಉಳಿದರೆ ಇರುವೆ ಸಾಲು ಬರುವುದೂ ಇದರಿಂದ ತಪ್ಪುತ್ತದೆ. ಬಟ್ಟಲಿನ ಎಣ್ಣೆಯನ್ನು ಹಳೆ ಪೇಪರಿನಲ್ಲಿ ಒರೆಸಿ ಆಮೇಲೆ ತೊಳೆಯಿರಿ, ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಕೊಳವೆಯೊಳಗೇ ಹೆಪ್ಪುಗಟ್ಟುತ್ತದೆ.

ಅಂಗಡಿಯ ಡಬ್ಬಿಗೆ ಹೋಲಿಸಿದರೆ

ತಯಾರಾದ ಸ್ಕ್ರಬ್‌ನಲ್ಲಿ ನಾವು ದುಡ್ಡು ಕೊಡುವುದು ಎರಡು ವಸ್ತುಗಳಿಗೆ. ಒಂದು, ಎಣ್ಣೆಯನ್ನು ನೀರಿನೊಡನೆ ಬೆರೆಸುವ ಎಮಲ್ಸಿಫೈಯರ್. ತೊಳೆಯುವಾಗ ಹಾಲಿನಂತೆ ಬಿಳಿಯಾಗಿ ಹೋಗಿ, ಜಿಡ್ಡು ಬಿಡದಿರುವುದು ಅದರಿಂದ. ಎರಡು, ಕೆಡದಂತೆ ಕಾಯುವ ಪ್ರಿಸರ್ವೇಟಿವ್. ಒದ್ದೆ ಕೈ ಹಾಕಿದರೂ ತಿಂಗಳುಗಟ್ಟಲೆ ಬಚ್ಚಲಲ್ಲಿ ಇಡಬಹುದು. ಇವೆರಡೂ ನಿಜವಾದ ಅನುಕೂಲ, ಪ್ರಿಸರ್ವೇಟಿವ್ ಎಂದರೆ ಹೆದರಬೇಕಿಲ್ಲ. ಹೆದರಬೇಕಾದದ್ದು ಪಟ್ಟಿಯಲ್ಲಿ ಆಕ್ವಾ, ಅಂದರೆ ನೀರು, ಎಂದು ಇದ್ದೂ ಪ್ರಿಸರ್ವೇಟಿವ್ ಇಲ್ಲದ ಡಬ್ಬಿಗೆ. ಇವೆರಡೂ ಇಲ್ಲದೆ ಸಕ್ಕರೆ, ಎಣ್ಣೆ, ಪರಿಮಳ ಮಾತ್ರ ಇದ್ದರೆ ಅದು ಮನೆಯದೇ ಸ್ಕ್ರಬ್, ಲೇಬಲ್ ಮಾತ್ರ ಬೇರೆ. ಮನೆಯಲ್ಲಿ ತಯಾರಿಸಿ ಇನ್‌ಸ್ಟಾಗ್ರಾಂನಲ್ಲಿ ಮಾರುವವರಿಂದ ಕೊಳ್ಳುವಾಗ ಡಬ್ಬಿಯ ಮೇಲೆ ಪರವಾನಗಿ ಸಂಖ್ಯೆ, ತಯಾರಾದ ದಿನಾಂಕ, ಸಾಮಾನಿನ ಪಟ್ಟಿ ಇದೆಯೇ ನೋಡಿ. ಸೌಂದರ್ಯ ಸಾಮಗ್ರಿ ಮಾರಾಟಕ್ಕೆ ತಯಾರಿಸಲು ನಮ್ಮ ದೇಶದಲ್ಲಿ ಪರವಾನಗಿ ಕಡ್ಡಾಯ.

ಮನೆಯದನ್ನು ಅಗಲ ಬಾಯಿಯ, ಬಿಗಿ ಮುಚ್ಚಳದ ಒಣ ಡಬ್ಬಿಯಲ್ಲಿ ಅಡುಗೆಮನೆಯ ಕಪಾಟಿನಲ್ಲಿಡಿ, ಒಲೆಯಿಂದ ದೂರ. ಮುಚ್ಚಳದ ಮೇಲೆ ಮಾಡಿದ ದಿನಾಂಕ ಬರೆಯಿರಿ. ಒಂದು ತಿಂಗಳ ಮೇಲೆ ಇಡಬೇಡಿ. ಹಳೆ ಕೊಬ್ಬರಿ ಗಿಟುಕಿನ ಕಮಟು ವಾಸನೆ ಬಂದರೆ ಎಣ್ಣೆ ಹೋಗಿದೆ. ಹುಳಿ ವಾಸನೆ, ನೊರೆ, ಬೂದು ಚುಕ್ಕೆ, ಇದರಲ್ಲಿ ಒಂದು ಕಂಡರೂ ಮೇಲಿನದನ್ನು ಕೆರೆದು ಉಳಿದದ್ದನ್ನು ಬಳಸಬೇಡಿ, ಡಬ್ಬಿಪೂರ್ತಿ ಚೆಲ್ಲಿ.